ತಂಗಿಯ ನರ್ಸಿಂಗ್ ಓದು ಮತ್ತು ಒಂದು ಎಕ್ಸೆಲ್ ಶೀಟು

ಬೆಂಗಳೂರಿಂದ ಯಾವ ದಿಕ್ಕಿಗಾದರೂ ಬಸ್ಸು ಹತ್ತಿ, ಊರು ದಾಟೋ ಹೊತ್ತಿಗೆ ಕಿಟಕಿಯಾಚೆ ನೋಡ್ತಾ ಕೂತುಕೊಳ್ಳಿ. ಲೇಔಟಿನ ಬೋರ್ಡು, ಕಲ್ಯಾಣ ಮಂಟಪದ ಬೋರ್ಡು, ಅವೆರಡರ ಮಧ್ಯೆ ತಪ್ಪದೆ ಒಂದು ನರ್ಸಿಂಗ್ ಕಾಲೇಜಿನ ಬೋರ್ಡು. ಕೆಲವು ಕಡೆ ಮೂರು ಅಂತಸ್ತಿನ ಒಂದೇ ಕಟ್ಟಡ, ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಕಾಲೇಜು. ಬೋರ್ಡಿನ ಮೇಲೆ ನಗ್ತಾ ನಿಂತ ಹುಡುಗಿ, ಕುತ್ತಿಗೆಗೆ ಸ್ಟೆತಾಸ್ಕೋಪು, ಹಿಂದುಗಡೆ ಒಂದು ವಿಮಾನ. ಆಸ್ಪತ್ರೆ ಇರೋ ಬೋರ್ಡು ನಾನು ನೋಡಿದ್ದು ಕಡಿಮೆ, ವಿಮಾನ ಇರೋದು ಬಹಳ. ಈ ವಿಮಾನದ ವಿಷಯಕ್ಕೆ ಆಮೇಲೆ ಬರ್ತೀನಿ.

ದಿನವಿಡೀ ಕೋಡ್ ಬರೆಯೋನಿಗೆ ನರ್ಸಿಂಗ್ ಕಾಲೇಜಿನ ಉಸಾಬರಿ ಯಾಕೆ ಅಂತೀರಾ? ಕಾರಣ ನನ್ನ ಚಿಕ್ಕಪ್ಪನ ಮಗಳು. ನಾನು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ 2019ರಲ್ಲೇ ಅವಳು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೇರಿದ್ದು. ನಾಲ್ಕು ವರ್ಷದ ಕೋರ್ಸು. 2023ಕ್ಕೆ ಮುಗಿಸಿದಳು, ಈಗ ಕೆಲಸದಲ್ಲಿದ್ದಾಳೆ. ಅವಳ ಹಿಂದಿನವಳು ಪಿಯುಸಿ ಮುಗಿಸಿ 'ನಾನೂ ಅಕ್ಕನ ಥರಾನೇ' ಅಂತ ಹಟ ಹಿಡಿದು ಕೂತಾಗ ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲ ಕಣೋ, ದೊಡ್ಡೋಳಿಗೆ ಒಟ್ಟು ಎಷ್ಟಾಯ್ತು?"

ತಮಾಷೆ ಏನು ಗೊತ್ತಾ, ಅದು ಮನೇಲಿ ಯಾರಿಗೂ ಗೊತ್ತಿರಲಿಲ್ಲ! ಚಿಕ್ಕಪ್ಪ ಅಂದಾಜಲ್ಲಿ "ಐದು ಆಗಿರಬಹುದು" ಅಂದ್ರು. ಚಿಕ್ಕಮ್ಮ "ಆರರ ಮೇಲಾಗಿದೆ" ಅಂದ್ರು. ತಂಗಿ ಸುಮ್ಮನಿದ್ದಳು. ಮನೆಯಲ್ಲಿ 'ಕಂಪ್ಯೂಟರ್ ಓದಿದೋನು' ಅಂತ ಒಬ್ಬ ಇದ್ದರೆ ಇಂಥದ್ದೆಲ್ಲ ಅವನ ತಲೆಗೇ ಬರೋದು (ಟಿವಿ ರಿಮೋಟು ಕೆಟ್ಟರೂ ನನ್ನನ್ನೇ ಕರೀತಾರೆ). ಒಂದು ಭಾನುವಾರ ಬೀರುವಿನಿಂದ ರಸೀದಿಗಳ ಕವರು, ಚಿಕ್ಕಪ್ಪನ ಡೈರಿ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲ ಹರವಿಕೊಂಡು ಎಕ್ಸೆಲ್ ಶೀಟು ತೆರೆದೆ.

ಮೊದಲ ಸಾಲಿಗೆ ಹಾಕಿದ್ದು ಏಜೆಂಟ್ ಹೇಳಿದ ಲೆಕ್ಕ. ನಮ್ಮ ತಿಪಟೂರಿನ ಕಡೆ ಸೈಟು, ಸಂಬಂಧ, ಸೀಟು ಈ ಮೂರನ್ನೂ ಕುದುರಿಸುವ ಒಬ್ಬ ಮನುಷ್ಯ ಇದ್ದಾನೆ. ಅವನು ಮನೆಗೆ ಬಂದು, ಕಾಫಿ ಕುಡಿದು ಹೇಳಿದ್ದು: "ವರ್ಷಕ್ಕೆ ತೊಂಬತ್ತು ಸಾವಿರ, ಎಲ್ಲಾ ಸೇರಿ." ನಾಲ್ಕು ವರ್ಷಕ್ಕೆ 3,60,000. ಒಂದು ಸೀಟಿಗೆ ಇಷ್ಟು ಅಂತ ಕಾಲೇಜಿನಿಂದ ಅವನಿಗೂ ಬರುತ್ತೆ ಅನ್ನೋದು ಆಮೇಲೆ ತಿಳೀತು. ಅದನ್ನೇನೂ ಅವನು ಬಚ್ಚಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೆ.

'ಎಲ್ಲಾ ಸೇರಿ' ಅನ್ನೋ ಮಾತಿನೊಳಗೆ ಏನೇನು ಸೇರಿರಲಿಲ್ಲ ಅಂದ್ರೆ.. ಹಾಸ್ಟೆಲ್ಲು ಮತ್ತು ಊಟ, ವರ್ಷಕ್ಕೆ 65,000ದಂತೆ 2,60,000. ಹೊರಗೆ ಇರೋ ಹಾಗಿಲ್ಲ, ಕಾಲೇಜಿನ ಹಾಸ್ಟೆಲ್ಲಿನಲ್ಲೇ ಇರಬೇಕು. ಲಾಕ್‌ಡೌನಿನಲ್ಲಿ ಹುಡುಗಿ ಐದು ತಿಂಗಳು ಊರಲ್ಲಿ ಮೊಬೈಲ್ ಹಿಡಿದು ಮಾವಿನ ಮರ ಹತ್ತಿ ಪಾಠ ಕೇಳಿದಳು (ನೆಟ್‌ವರ್ಕು ಅಲ್ಲಿ ಮಾತ್ರ), ಹಾಸ್ಟೆಲ್ ಫೀಸು ಮಾತ್ರ ಪೂರ್ತಿ. ಸೇರುವಾಗ ರಸೀದಿಯಿಲ್ಲದೆ ಕೊಟ್ಟ 40,000. ಪರೀಕ್ಷೆ ಫೀಸು, ರೆಕಾರ್ಡು, ಪ್ರಾಜೆಕ್ಟು ಅಂತ 52,000. ಸಮವಸ್ತ್ರ, ಬಿಳಿ ಶೂ, ಪುಸ್ತಕ, ಕಿಟ್ಟು ಎಲ್ಲಾ 24,000. ಕಾಲೇಜು ಬಸ್ಸು 48,000.

ಬಸ್ಸಿನ ವಿಷಯ ಸ್ವಲ್ಪ ಹೇಳಬೇಕು. ನರ್ಸಿಂಗನ್ನ ಬರೀ ತರಗತಿಯಲ್ಲಿ ಕಲಿಯೋಕಾಗಲ್ಲ, ರೋಗಿಯ ಪಕ್ಕ ನಿಂತೇ ಕಲೀಬೇಕು. ಸ್ವಂತ ಆಸ್ಪತ್ರೆ ದೊಡ್ಡದಿರದ ಕಾಲೇಜು ಮಕ್ಕಳನ್ನ ಬಸ್ಸಲ್ಲಿ ತುಂಬಿ ಬೇರೆ ಬೇರೆ ಆಸ್ಪತ್ರೆಗೆ ಕಳಿಸುತ್ತೆ. ಹೆರಿಗೆ ವಾರ್ಡಿಗೆ ಒಂದು ಕಡೆ, ಮನೋರೋಗ ವಿಭಾಗಕ್ಕೆ ಇನ್ನೊಂದು ಕಡೆ, ಸಮುದಾಯ ಆರೋಗ್ಯಕ್ಕೆ ಯಾವುದೋ ಹಳ್ಳಿಗೆ. ಆ ಆಸ್ಪತ್ರೆಗಳಿಗೆ ಕಾಲೇಜು ತಲೆಗಿಷ್ಟು ಅಂತ ಕಟ್ಟಬೇಕು, ಅದನ್ನ ಮಕ್ಕಳಿಂದ ವಸೂಲಿ ಮಾಡುತ್ತೆ. ಹಾಗೆ 18,000. ರಜೆ ಹಾಕಿದ್ದಕ್ಕೆ, ಕೂದಲಿಗೆ ನೆಟ್ ಹಾಕದಿದ್ದಕ್ಕೆ, ತಡವಾಗಿದ್ದಕ್ಕೆ ದಂಡ ಅಂತ ನಾಲ್ಕು ವರ್ಷಕ್ಕೆ 6,500. ಅಜ್ಜಿ ತೀರಿಕೊಂಡಾಗ ಊರಿಗೆ ಬಂದ ಮೂರು ದಿನದ್ದೂ ಅದರಲ್ಲಿದೆ.

ಕೂಡಿಸಿದ್ರೆ 8,08,500. ಇನ್ನೂ ಮುಗಿದಿಲ್ಲ ಇರಿ.

ಕೊನೆಯ ವರ್ಷದ ಪರೀಕ್ಷೆ ಮುಗಿಸಿ ಅಂಕಪಟ್ಟಿ ಕೇಳೋಕೆ ಹೋದಾಗ 'ನಮ್ಮ ಆಸ್ಪತ್ರೆಯಲ್ಲೇ ಒಂದು ವರ್ಷ ಕೆಲಸ ಮಾಡಬೇಕು, ಇಲ್ಲಾಂದ್ರೆ 50,000 ಕಟ್ಟಿ ತಗೊಂಡು ಹೋಗಿ' ಅಂದ್ರಂತೆ. ಸಂಬಳ ತಿಂಗಳಿಗೆ 12,000. ಮೂಲ ಅಂಕಪಟ್ಟಿ ಇಲ್ಲದೆ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಬೇರೆ ಕಡೆ ಕೆಲಸ ಇಲ್ಲ. ಇಂಥ ಬಾಂಡು ಕೂಡದು, ಮೂಲ ಪ್ರಮಾಣಪತ್ರ ಹಿಡಿದಿಟ್ಟುಕೊಳ್ಳೋದು ತಪ್ಪು ಅಂತ ಭಾರತೀಯ ನರ್ಸಿಂಗ್ ಪರಿಷತ್ತು ಯಾವತ್ತೋ ಸುತ್ತೋಲೆ ಹೊರಡಿಸಿದೆ. ತಂಗಿ ಅದನ್ನ ಪ್ರಿಂಟ್ ತೆಗೆದುಕೊಂಡೇ ಹೋಗಿದ್ದಳು. ಆಫೀಸಿನವರು ಅದನ್ನ ಓದಿ, ಮಡಿಸಿ, ವಾಪಸ್ ಕೊಟ್ಟರಂತೆ. ಎರಡು ತಿಂಗಳು ಅಲೆದ ಮೇಲೆ ಚಿಕ್ಕಪ್ಪ ಹೋಗಿ 25,000ಕ್ಕೆ 'ಸೆಟಲ್' ಮಾಡಿಕೊಂಡು ಬಂದ್ರು. ದೂರು ಕೊಡೋಣ ಅಂತ ನಾನು ಅಂದಿದ್ದೆ. "ಸುಮ್ನಿರಪ್ಪ, ನಮ್ ಹುಡುಗಿ ಕಾಗದ ಅವರ ಕೈಲಿದೆ" ಅಂದ್ರು. ಕಾಗದ ಸಿಕ್ಕ ಮೇಲೆ ಯಾರಿಗೂ ದೂರಿನ ನೆನಪಾಗಲಿಲ್ಲ. ಇಂಥ ಪದ್ಧತಿ ನಡೆದುಕೊಂಡು ಬರೋದೇ ಹೀಗೆ ಅನ್ಸುತ್ತೆ.

ಒಟ್ಟು 8,33,500.

ಇದರಲ್ಲಿ 4 ಲಕ್ಷ ಬ್ಯಾಂಕಿನ ಶಿಕ್ಷಣ ಸಾಲ. 4 ಲಕ್ಷದವರೆಗೆ ಆಧಾರ ಕೇಳಲ್ಲ, ಅದಕ್ಕೇ ಸರಿಯಾಗಿ 4. ಉಳಿದದ್ದು ಅಟ್ಟದ ಮೇಲಿನ ಕೊಬ್ಬರಿ, ಒಂದು ಚೀಟಿ, ಮತ್ತೆ ಚಿಕ್ಕಮ್ಮನ ಸರ. ನಮ್ಮ ಕಡೆಯವರಿಗೆ ಕೊಬ್ಬರಿ ಅಂದ್ರೆ ಬರೀ ಬೆಳೆಯಲ್ಲ. ಕಾಯಿ ಅಟ್ಟದ ಮೇಲೆ ಹಾಕಿ ಹತ್ತು-ಹನ್ನೆರಡು ತಿಂಗಳು ಬಿಟ್ಟರೆ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತೆ. ಬೆಲೆ ಬಂದಾಗ ಇಳಿಸಿ ತಿಪಟೂರು ಎಪಿಎಂಸಿಗೆ ಹಾಕೋದು. ಆ 'ಬೆಲೆ ಬಂದಾಗ' ಅನ್ನೋದೇ ರೈತನ ಕೈಲಿರೋ ಒಂದೇ ಒಂದು ದಾಳ. ಕಾಲೇಜಿನ ಫೀಸಿಗೆ ಅದೆಲ್ಲ ಗೊತ್ತಿಲ್ಲ. ಅದಕ್ಕೆ ಕೊನೇ ದಿನಾಂಕ ಇರುತ್ತೆ, ದಾಟಿದ್ರೆ ದಿನಕ್ಕೆ ನೂರು ರೂಪಾಯಿ ದಂಡ. ಹಾಗಾಗಿ ನಾಲ್ಕೂ ವರ್ಷ ಚಿಕ್ಕಪ್ಪ ಕೊಬ್ಬರಿ ಮಾರಿದ್ದು ಮಾರುಕಟ್ಟೆ ನೋಡಿ ಅಲ್ಲ, ಫೀಸಿನ ತಾರೀಖು ನೋಡಿ. ಅದರಲ್ಲಿ ಎಷ್ಟು ಹೋಯ್ತು ಅಂತ ಎಕ್ಸೆಲ್ಲಿಗೆ ಹಾಕೋಕೆ ಹೋದೆ. ಚಿಕ್ಕಪ್ಪ "ಅದ್ ಬಿಡು" ಅಂದ್ರು. ಬಿಟ್ಟೆ.

ಸಾಲದ ಲೆಕ್ಕಕ್ಕೆ ಬನ್ನಿ. ವರ್ಷಕ್ಕೊಂದು ಲಕ್ಷದಂತೆ ಬ್ಯಾಂಕು ಕೊಟ್ಟಿದ್ದು, ಬಡ್ಡಿ ಶೇ. 10.5. ಓದು ಮುಗಿದ ಮೇಲೂ ಒಂದು ವರ್ಷ ಕಂತು ಕಟ್ಟೋ ಹಾಗಿಲ್ಲ. ಕೇಳೋಕೆ ಚೆನ್ನಾಗಿದೆ ಅಲ್ವಾ? ಕಂತು ಇಲ್ಲ ನಿಜ, ಬಡ್ಡಿ ಇದೆ. ಮೊದಲನೇ ಲಕ್ಷಕ್ಕೆ ಐದು ವರ್ಷದ್ದು, ಎರಡನೇದಕ್ಕೆ ನಾಲ್ಕು, ಮೂರು, ಎರಡು.. ಒಟ್ಟು 1,47,000. ಕಂತು ಶುರುವಾಗುವ ದಿನ ಸಾಲ 5,47,000 ಆಗಿತ್ತು. ಏಳು ವರ್ಷ, ತಿಂಗಳಿಗೆ 9,220. ಪೂರ್ತಿ ತೀರಿಸೋ ಹೊತ್ತಿಗೆ ಬಡ್ಡಿಯೇ ಮೂರೂಮುಕ್ಕಾಲು ಲಕ್ಷ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ ಓದುವ ಕಾಲದ ಬಡ್ಡಿಯನ್ನ ಕೇಂದ್ರ ಸರ್ಕಾರವೇ ಕಟ್ಟುವ ಸಹಾಯಧನ ಯೋಜನೆಯೊಂದಿದೆ. ಅದಕ್ಕೆ ಅರ್ಜಿ ಕೊಡಬಹುದಾ ಅಂತ ಸಾಲ ಕೊಟ್ಟವರು ಹೇಳಲಿಲ್ಲ, ಅಂಥದ್ದೊಂದಿದೆ ಅಂತ ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಾದ್ರೂ ಸಾಲಕ್ಕೆ ಓಡಾಡ್ತಿದ್ರೆ ದಯವಿಟ್ಟು ಮೊದಲ ದಿನವೇ ಇದನ್ನ ಕೇಳಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.

ಅಂತೂ ಏಜೆಂಟಿನ 3,60,000 ಎಕ್ಸೆಲ್ಲಿನ ಕೊನೇ ಸಾಲಿಗೆ ಬರೋ ಹೊತ್ತಿಗೆ 12 ಲಕ್ಷ ದಾಟಿತ್ತು.

ಹನ್ನೆರಡು ಲಕ್ಷ ಏನು ಮಹಾ, ಇಂಜಿನಿಯರಿಂಗಿಗೆ ಇನ್ನೂ ಜಾಸ್ತಿ ಸುರೀತಾರೆ ಅಂತ ನಿಮಗನ್ನಿಸಬಹುದು. ನನ್ನ ಆಫೀಸಿನ ಗೆಳೆಯ ಹಾಗೇ ಅಂದ. ಖರ್ಚು ದೊಡ್ಡದಾ ಚಿಕ್ಕದಾ ಅಂತ ನೋಡೋಕೆ ಇನ್ನೊಂದು ಕಾಲಂ ಬೇಕಲ್ಲ, ಸಂಬಳದ್ದು? ತಂಗಿಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕಂತು ಶುರುವಾದ ತಿಂಗಳು ಕೈಗೆ ಬಂದದ್ದು 16,400. ಕಂತು 9,220. ಪಿಜಿಗೆ 6,500. ಉಳಿದದ್ದು 680.

680 ರೂಪಾಯಿ. ತಿಂಗಳಿಗೆ. ಮೂವತ್ತು ದಿನ ಬಸ್ಸಲ್ಲಿ ಓಡಾಡಬೇಕು, ಮೊಬೈಲಿಗೆ ಹಾಕಿಸಬೇಕು, ಒಂದು ದಿನ ದೋಸೆ ತಿನ್ನಬೇಕು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಆಗಿರೋದು ಅವಳ ಪಾಲಿಗೆ ಚುನಾವಣೆಯ ಚರ್ಚೆಯಲ್ಲ, ತಿಂಗಳ ಬಜೆಟ್ಟು. ಕಂತನ್ನ ಈಗ ಚಿಕ್ಕಪ್ಪನೇ ಕಟ್ತಾರೆ ಅಂತ ಬೇರೆ ಹೇಳಬೇಕಾಗಿಲ್ಲ.

ನನ್ನನ್ನ ಹೆಚ್ಚು ಕಾಡಿದ್ದು ಇನ್ನೊಂದು. ನಾನು ಕೆಲಸಕ್ಕೆ ಸೇರಿದಾಗ ಕಂಪನಿ ಮೂರು ತಿಂಗಳು ಟ್ರೈನಿಂಗ್ ಕೊಟ್ಟಿತು. ನಾನು ಬರೆದ ಒಂದು ಸಾಲು ಕೋಡೂ ಯಾವ ಗ್ರಾಹಕನಿಗೂ ಹೋಗಲಿಲ್ಲ, ಎಸಿ ರೂಮಲ್ಲಿ ಕೂತು ಜಾವಾ ಕಲಿತೆ, ಅಷ್ಟಕ್ಕೂ ಸಂಬಳ ಬಂತು. ಅದೇ ಹೊತ್ತಿಗೆ ಕಾಲೇಜು ಸೇರಿದ ತಂಗಿ ಎರಡನೇ ವರ್ಷಕ್ಕೇ ಪೋಸ್ಟಿಂಗಿನಲ್ಲಿ ಬಿಪಿ, ಜ್ವರ ನೋಡಿ ಬರೆಯೋದು, ಹಾಸಿಗೆ ಬದಲಿಸೋದು, ಗಾಯಕ್ಕೆ ಡ್ರೆಸ್ಸಿಂಗು, ಏಳಲಾಗದ ಅಜ್ಜನಿಗೆ ಮೈ ಒರೆಸೋದು, ಎಲ್ಲ ಮಾಡ್ತಿದ್ದಳು. ಮೂರನೇ ವರ್ಷಕ್ಕೆ ರಾತ್ರಿ ಪಾಳಿ. "ವಾರ್ಡಲ್ಲಿ ಸ್ಟಾಫು ಎಷ್ಟು ಜನ ಇರ್ತಾರೆ?" ಅಂದೆ. "ಒಬ್ರು ಅಕ್ಕ ಇರ್ತಾರಣ್ಣ, ಉಳಿದಿದ್ದೆಲ್ಲ ನಾವೇ." ಅಂದ್ರೆ ಆಸ್ಪತ್ರೆ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾದ ಕೈಗಳು ಫೀಸು ಕಟ್ಟಿ, ಬಸ್ಸಿನ ದುಡ್ಡೂ ಕೊಟ್ಟು, ಅಲ್ಲಿ ದುಡೀತಿದ್ವು. ಕಲಿಕೆ ಎಲ್ಲಿ ಮುಗಿದು ದುಡಿಮೆ ಎಲ್ಲಿ ಶುರುವಾಯ್ತು ಅಂತ ಗೆರೆ ಎಳೆಯೋದು ಕಷ್ಟ, ಒಪ್ತೀನಿ. ಆದ್ರೆ ಅವಳ ಪ್ರಕಾರ ಐವತ್ತನೇ ಸಲ ಹಾಸಿಗೆ ಹಾಕುವಾಗ ಕಲಿಯೋಕೆ ಏನೂ ಉಳಿದಿರಲ್ಲ.

ಅಂದ ಹಾಗೆ ಅವಳಿಗೆ ಅಲ್ಲೊಂದು ಬಿಟ್ಟಿ ಕೆಲಸವೂ ಅಂಟಿಕೊಂಡಿತ್ತು. ಕೇರಳದಲ್ಲಿ ಸೀಟು ಸಾಲದೆ ಅಲ್ಲಿಂದ ಬರೋ ಮಕ್ಕಳು ನಮ್ಮಲ್ಲಿ ಬಹಳ. ಅವಳ ರೂಮಿನ ನಾಲ್ವರಲ್ಲಿ ಮೂವರು ಪತ್ತನಂತಿಟ್ಟ, ಕೊಟ್ಟಾಯಂ ಕಡೆಯವರು. ವಾರ್ಡಲ್ಲಿ ರೋಗಿಗಳು "ಎದೆ ಹಿಡ್ಕಂಡಂಗಾಗ್ತದೆ ಕಣವ್ವ" ಅಂದ್ರೆ ಅವಕ್ಕೆ ಏನು ಗೊತ್ತಾಗಬೇಕು? ಎಲ್ಲರೂ ಇವಳನ್ನ ಕರೆಯೋದು. ಇವಳು ಒಂದು ನೋಟುಪುಸ್ತಕದಲ್ಲಿ 'ನೋವು ಎಲ್ಲಿ', 'ಊಟ ಆಯ್ತಾ', 'ಸೂಜಿ ಚುಚ್ಚುತ್ತೀನಿ, ಹೆದರಬೇಡಿ' ಅಂತ ಮಲಯಾಳಂ ಅಕ್ಷರದಲ್ಲಿ ಬರೆಸಿಕೊಟ್ಟಳಂತೆ. ಬದಲಿಗೆ ಅವರು ಇವಳಿಗೆ ಮಲಯಾಳಂ ಕಲಿಸಿದ್ರು. ಕನ್ನಡ ಉಳಿಸೋ ಬೆಳೆಸೋ ಬಗ್ಗೆ ನಾವೆಲ್ಲ ಪುಟಗಟ್ಟಲೆ ಬರೀತೀವಿ, ಇವಳು ಸದ್ದಿಲ್ಲದೆ ಮೂವರಿಗೆ ಕಲಿಸಿ ಕೂತಿದ್ದಾಳೆ. ಆ ಮೂವರ ಮನೆಯಲ್ಲೂ ಸಾಲ ಇದೆ, ಇವಳಿಗಿಂತ ಜಾಸ್ತಿ. ಹೊರರಾಜ್ಯದವರಿಗೆ ಫೀಸೇ ಹೆಚ್ಚು.

ಈಗ ಆ ವಿಮಾನದ ವಿಷಯ. 16,400 ಕೊಡೋ ಕೆಲಸಕ್ಕೆ ಹನ್ನೆರಡು ಲಕ್ಷದ ಓದು ಯಾರಾದ್ರೂ ಯಾಕೆ ಮಾರ್ತಾರೆ, ಯಾರಾದ್ರೂ ಯಾಕೆ ಕೊಳ್ತಾರೆ? ಈ ಓದಿನ ಬೆಲೆ ನಿಗದಿಯಾಗಿರೋದು ಬೆಂಗಳೂರಿನ ಸಂಬಳದ ಮೇಲಲ್ಲ. ಡಬ್ಲಿನ್, ದುಬೈ, ಬರ್ಲಿನ್ನಿನ ಸಂಬಳದ ಮೇಲೆ. ಕಾಲೇಜಿಗೂ ಅದು ಗೊತ್ತು, ಏಜೆಂಟಿಗೂ ಗೊತ್ತು, ಅಪ್ಪಂದಿರಿಗೂ ಗೊತ್ತು. ಎಲ್ಲ ಹುಡುಗಿಯರೂ ಅಲ್ಲಿ ಮುಟ್ಟಲ್ಲ ಅನ್ನೋದೊಂದು ಮಾತ್ರ ಬೋರ್ಡಿನ ಮೇಲೆ ಬರೆದಿರಲ್ಲ. ಮುಟ್ಟೋಕೂ ಬೇರೆ ಟಿಕೆಟ್ಟು ಬೇಕು. ಇಂಗ್ಲಿಷ್ ದೇಶಗಳಿಗೆ ಐಇಎಲ್‌ಟಿಎಸ್ ಅಥವಾ ಓಇಟಿ, ಅದರಲ್ಲಿ ಓಇಟಿ ಒಂದು ಸಲ ಬರೆಯೋಕೇ ಮೂವತ್ತು ಸಾವಿರದ ಮೇಲೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್, ಬರೀ ಪರೀಕ್ಷೆಗೆ 200 ಡಾಲರ್. ಗಲ್ಫಿಗೆ ಎರಡು ವರ್ಷದ ಅನುಭವ ಕೇಳ್ತಾರೆ. ಆ ಎರಡು ವರ್ಷದ ಆಸೆಗೇ ನಮ್ಮ ಆಸ್ಪತ್ರೆಗಳಿಗೆ 16,400ಕ್ಕೆ ಜನ ಸಿಗ್ತಾರೆ ನೋಡಿ!

ದುರಾಸೆ ಎಲ್ಲಿವರೆಗೂ ಹೋಗಬಹುದು ಅನ್ನೋದಕ್ಕೆ 2015ರ ಕುವೈತ್ ಪ್ರಕರಣ ಇದೆ. ಅಲ್ಲಿನ ಆರೋಗ್ಯ ಇಲಾಖೆಗೆ ನರ್ಸುಗಳನ್ನ ಆರಿಸುವಾಗ ತಲಾ 19,500 ರೂ. ತಗೋಬೇಕಿದ್ದ ಕೊಚ್ಚಿಯ ಏಜೆನ್ಸಿಯೊಂದು 19.5 ಲಕ್ಷ ವಸೂಲಿ ಮಾಡಿತು ಅನ್ನೋ ಆರೋಪದ ಮೇಲೆ ಸಿಬಿಐ ಕೇಸು ಹಾಕಿತು. ಎರಡು ಸೊನ್ನೆ ಜಾಸ್ತಿ, ಅಷ್ಟೆ. ಅದೇ ವರ್ಷ ಕೇಂದ್ರ ಸರ್ಕಾರ ಗಲ್ಫ್ ಮತ್ತಿತರ ದೇಶಗಳಿಗೆ ನರ್ಸುಗಳ ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು ಅಂತ ನಿಯಮ ತಂತು.

ಸಂಬಳದ ಬಗ್ಗೆ ಯಾರೂ ಏನೂ ಮಾಡಿಲ್ಲ ಅಂತಲ್ಲ. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರದ ಸಮಿತಿಯೊಂದು ಖಾಸಗಿ ಆಸ್ಪತ್ರೆ ನರ್ಸುಗಳಿಗೆ ಎಷ್ಟು ಕೊಡಬೇಕು ಅಂತ ಶಿಫಾರಸು ಮಾಡಿತು. 200 ಹಾಸಿಗೆ ಮೀರಿದ ಆಸ್ಪತ್ರೆಯಾದ್ರೆ ಸರ್ಕಾರಿ ನರ್ಸಿನಷ್ಟೇ, 50 ಹಾಸಿಗೆಗಿಂತ ಚಿಕ್ಕದಾದ್ರೂ ಕನಿಷ್ಠ 20,000. ಕೇರಳದ ನರ್ಸುಗಳು ಬೀದಿಗಿಳಿದು ಜಗ್ಗಾಡಿ 2018ರಲ್ಲಿ 20,000ದ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿಕೊಂಡ್ರು. ನಮ್ಮ ಹುಡುಗಿಗೆ ಸಿಕ್ಕಿದ್ದು ಅದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ, ಬೆಂಗಳೂರಿನಂಥ ಊರಲ್ಲಿ. ಸೇರಿದ ವಾರವೇ "ಯೂನಿಯನ್ನು ಗೀನಿಯನ್ನು ಅಂದ್ರೆ ನಾಳೆಯಿಂದ ಬರಬೇಡಿ" ಅಂದಿದ್ರಂತೆ.

ತಂಗಿ ಈಗ ಜರ್ಮನ್ ಕಲೀತಿದ್ದಾಳೆ. ರಾತ್ರಿ ಪಾಳಿ ಮುಗಿಸಿ ಬಂದು, ಎರಡು ಗಂಟೆ ಮಲಗಿ, ಆನ್‌ಲೈನ್ ಕ್ಲಾಸು. ಬಿ2 ಮಟ್ಟದವರೆಗೆ ಹೋಗಬೇಕಂತೆ, ಇವಳು ಬಿ1ರಲ್ಲಿದ್ದಾಳೆ. ಪಿಜಿಯ ಗೋಡೆಗೆಲ್ಲ ಚೀಟಿ ಅಂಟಿಸಿದ್ದಾಳೆ, ಬಕೆಟ್ಟಿಗೊಂದು, ಬಾಗಿಲಿಗೊಂದು. ಕೆಲಸ ಬಿಟ್ಟುಬಿಡ್ತೀಯಾ ಅಂತ ಒಂದ್ಸಲ ಕೇಳಿದ್ದೆ, ನನ್ನ ಕಂಪನಿಯಲ್ಲೇ ಟೆಸ್ಟಿಂಗು ಗಿಸ್ಟಿಂಗು ಅಂತ ಏನಾದ್ರೂ ನೋಡೋಣ ಅಂತ. ನನ್ನ ಮುಖ ನೋಡಿ ನಕ್ಕಳು. "ಅಣ್ಣ, ನಂಗೆ ಐಸಿಯು ಬರುತ್ತೆ. ಹೋಗೋ ಉಸಿರು ನೋಡ್ತಿದ್ದಂಗೆ ಗೊತ್ತಾಗುತ್ತೆ. ಇದನ್ನ ಬಿಟ್ಟು ನಿಮ್ಮ ಬಟನ್ ಒತ್ತೋ ಕೆಲಸಕ್ಕೆ ಬರ್ಲಾ?" ನಾನು ಬಾಯಿ ಮುಚ್ಚಿಕೊಂಡೆ.

ಲೆಕ್ಕ ಎಲ್ಲ ಓದಿ ಹೇಳಿದ ಮೇಲೆ ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಚಿಕ್ಕವಳ ಕಡೆ ತಿರುಗಿ "ಬಿ.ಎ. ಮಾಡಮ್ಮ" ಅಂದ್ರು. ಅವಳ ಕಣ್ಣಲ್ಲಿ ನೀರು. ಆಗ ಬಾಯಿ ಬಿಟ್ಟಿದ್ದು ದೊಡ್ಡವಳು. "ಅಪ್ಪ, ನರ್ಸಿಂಗ್ ಬೇಡ ಅನ್ಬೇಡ. ಏಜೆಂಟ್ ಬೇಡ ಅನ್ನು."

2023ರಿಂದ ಬಿ.ಎಸ್ಸಿ. ನರ್ಸಿಂಗಿಗೂ ಸಿಇಟಿ ಬರೀಬೇಕು. ಚಿಕ್ಕವಳು ಬರೆದಿದ್ದಳು, ಸಾಧಾರಣದ ರ‍್ಯಾಂಕು. 2025ರಲ್ಲಿ ಸರ್ಕಾರ ಹೇಳಿದ ಲೆಕ್ಕದಲ್ಲಿ ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ 10,000, ಆಡಳಿತ ಮಂಡಳಿ ಕೋಟಾದಲ್ಲಿ ಕರ್ನಾಟಕದವರಿಗೆ 1 ಲಕ್ಷ, ಹೊರಗಿನವರಿಗೆ 1.40 ಲಕ್ಷ. ಹತ್ತು ಸಾವಿರಕ್ಕೂ ಒಂದು ಲಕ್ಷಕ್ಕೂ ಮಧ್ಯೆ ಇರೋದು ಒಂದು ಪಟ್ಟಿ, ಆಪ್ಷನ್ ಎಂಟ್ರಿ ಅಂತಾರಲ್ಲ, ಅದು. 2019ರಲ್ಲಿ ನಮ್ಮ ಮನೆಗೆ ಈ ಪಟ್ಟಿ ಬಂದಿರಲಿಲ್ಲ, ಕಾಫಿ ಕುಡಿಯೋಕೆ ಆ ಮನುಷ್ಯ ಬಂದಿದ್ದ.

ರಾತ್ರಿ ಹನ್ನೊಂದರವರೆಗೂ ನಾವು ಮೂವರು ಲ್ಯಾಪ್‌ಟಾಪಿನ ಮುಂದೆ ಕೂತು ಪಟ್ಟಿ ಮಾಡಿದ್ವಿ. ಹಾಸನದ ಸರ್ಕಾರಿ ಕಾಲೇಜು, ಬೆಂಗಳೂರು ಕೋಟೆಯ ಸರ್ಕಾರಿ ಕಾಲೇಜು, ಮೈಸೂರು, ಹೀಗೆ ಸರ್ಕಾರಿಯವೆಲ್ಲ ಮೇಲೆ. ಆಸ್ಪತ್ರೆ ಪಕ್ಕದಲ್ಲೇ ಇರೋವು ಮೊದಲು, ಬಸ್ಸಲ್ಲಿ ಕರ್ಕೊಂಡು ಹೋಗೋವು ಆಮೇಲೆ ಅಂತ ದೊಡ್ಡವಳ ಕಟ್ಟಪ್ಪಣೆ. ಯಾವ ಕಾಲೇಜಿಗೆ ಎಷ್ಟು ಹಾಸಿಗೆಯ ಆಸ್ಪತ್ರೆ ಅಂತ ಒಂದೊಂದಕ್ಕೂ ಅವಳ ಸ್ನೇಹಿತೆಯರಿಗೆ ಫೋನು. ಬೆಳಗಾವಿಯನ್ನ ಏಳನೇದಾಗಿ ಹಾಕಿದಾಗ ಅಡಿಗೆಮನೆಯಿಂದ ಚಿಕ್ಕಮ್ಮ ಬಂದ್ರು. "ಬೆಳಗಾಂ? ಅಷ್ಟು ದೂರ ಒಬ್ಬಳನ್ನೇ ಹೆಂಗೆ ಕಳಿಸೋದು?"

"ಅರಸೀಕೆರೆಯಿಂದ ರಾತ್ರಿ ರೈಲಿದೆ ಕಣಮ್ಮ," ಅಂದಳು ದೊಡ್ಡವಳು, ಪಟ್ಟಿಯಿಂದ ತಲೆ ಎತ್ತದೆ. "ಮಲಗಿದ್ರೆ ಬೆಳಿಗ್ಗೆ ಅಲ್ಲಿರ್ತಾಳೆ."